ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನೀವು ಕೇಳಿಯೇ ಇದ್ದೀರಿ. ಎಲ್ಲದರಲ್ಲಿಯೂ ಕೈಯಾಡಿಸಿದವರನ್ನು ಹೊಗಳುವಾಗ ಒಮ್ಮೆ, ಹಂಗಿಸುವಾಗ ಒಮ್ಮೆ ನಾವು ಅದನ್ನು ಹೇಳುತ್ತೇವೆ. ಆದರೆ ಈ ಗಾದೆ ಕಟ್ಟಿದ ಪುಣ್ಯಾತ್ಮರು ಯಲಬುರ್ಗಾ ಸೀಮೆಯ ಹಿತ್ತಿಲ ಬೇಲಿಗಳನ್ನು ಸರಿಯಾಗಿ ನೋಡಿರಲಿಲ್ಲವೆಂದು ತೋರುತ್ತದೆ. ಅಲ್ಲಿ ಆಳೆತ್ತರಕ್ಕೆ ಬೆಳೆಯುವ ಒಂದು ಪೊದೆಯುಂಟು. ನೀಳವಾದ, ತುದಿ ಚೂಪಾದ ಹಸುರೆಲೆ. ಎಲೆಯನ್ನು ಹಿಸುಕಿದರೆ ಒಂದು ತರಹದ ಕಟುವಾಸನೆ. ನಾಲಗೆಗೆ ತಾಗಿಸಿದರೆ ಅರ್ಧ ತಾಸು ಬಿಡದ ಕಹಿ. ಬಿಳಿಯ ಹೂವಿಗೆ ಎರಡು ತುಟಿ, ಕೆಳದುಟಿಯ ಮೇಲೆ ನಸುಗೆಂಪು ಗೆರೆಗಳು. ಸುತ್ತಲಿನ ಹೊಲ ಬಿಸಿಲಿಗೆ ಬೆಂದು ಹೋದಾಗಲೂ ಈ ಪೊದೆ ಹಸುರಾಗಿಯೇ ನಿಂತಿರುತ್ತದೆ. ಆಡು ಕುರಿಗಳ ಹಿಂಡು ಅದರ ಪಕ್ಕದಲ್ಲಿಯೇ ಹಾದು ಹೋಗುತ್ತದೆ, ಬಾಯಿ ಹಾಕುವುದಿಲ್ಲ. ಅದೇ ಆಡುಸೋಗೆ, ನಮ್ಮ ಕಡೆಯ ಬಾಯಲ್ಲಿ ಆಡಸೋಗಿ.

ಆಡು ಇದನ್ನು ಬಿಟ್ಟಿತೆಂಬ ಸಂಗತಿ ನಮಗಿಂತ ಮೊದಲು ನೆರೆಹೊರೆಯವರ ಭಾಷೆಗೂ ತಿಳಿದಿತ್ತು. ತಮಿಳರು ಇದಕ್ಕಿಟ್ಟ ಆಡಾತೋಡೈ ಎಂಬ ಹೆಸರಿಗೆ ಆಡು ತೊಡದ್ದು, ಅಂದರೆ ಮುಟ್ಟದ್ದು ಎಂದೇ ಅರ್ಥ ಹೇಳುತ್ತಾರೆ. ಸಿಂಹಳ ಹಾಗೂ ತಮಿಳು ನಾಡುಗಳ ಈ ಮಾತು ಯುರೋಪಿನ ಸಸ್ಯಶಾಸ್ತ್ರಜ್ಞರ ಕಿವಿಗೆ ಬಿದ್ದು, ೧೭೫೩ರಲ್ಲಿ ಸ್ವೀಡನ್ನಿನ ಲಿನೇಯಸ್ ಗಿಡಗಳಿಗೆಲ್ಲ ಹೆಸರಿಡುತ್ತ ಕುಳಿತಾಗ ಇದನ್ನು ‘ಜಸ್ಟಿಷಿಯಾ ಅಧಾಟೋಡ’ ಎಂದು ಕರೆದ. ನಮ್ಮ ಕುರಿಗಾಹಿಗಳ ಅನುಭವ ಲ್ಯಾಟಿನ್ ವೇಷ ತೊಟ್ಟು ವಿದ್ವಾಂಸರ ಸಭೆಯಲ್ಲಿ ಕುಳಿತದ್ದು ಹೀಗೆ. ಸಂಸ್ಕೃತದಲ್ಲಿ ಇದು ವಾಸಾ, ವೃಷ, ಆಟರೂಷ. ಹೂವು ಬಾಯ್ದೆರೆದ ಸಿಂಹದಂತೆ ಕಾಣುವುದರಿಂದ ಸಿಂಹಾಸ್ಯ ಎಂಬ ಹೆಸರೂ ಉಂಟು. ಮರಾಠಿಯಲ್ಲಿ ಅಡುಳಸಾ, ಹಿಂದಿಯಲ್ಲಿ ಅಡೂಸಾ.

ಇಲ್ಲಿ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುವುದು ಮೇಲು. ಆಡುಮುಟ್ಟದ ಬಳ್ಳಿ ಎಂಬ ಇನ್ನೊಂದು ಸಸ್ಯ ನಮ್ಮ ನಾಡಿನಲ್ಲಿದೆ. ಅದು ಎಕ್ಕದ ಬಳಗಕ್ಕೆ ಸೇರಿದ ಬಳ್ಳಿ, ಸಸ್ಯಶಾಸ್ತ್ರದಲ್ಲಿ ಟೈಲೋಫೋರ. ಗೂರಲಿಗೆ, ಅಂದರೆ ಉಬ್ಬಸಕ್ಕೆ, ಅದರ ಎಲೆಯನ್ನು ಅಗಿಯುವ ರೂಢಿಯಿದೆ. ೧೯೬೦ರ ದಶಕದ ಕೊನೆಯಲ್ಲಿ ದೆಹಲಿಯ ವೈದ್ಯರು ಅದನ್ನು ಉಬ್ಬಸದ ರೋಗಿಗಳಿಗೆ ಕೊಟ್ಟು ನೋಡಿ ಗುಣವಿದೆ ಎಂದರು. ೧೯೭೯ರಲ್ಲಿ ಮತ್ತೊಂದು ಪರೀಕ್ಷೆ ನಡೆದು ಅಂಥ ಗುಣವೇನೂ ಕಾಣಲಿಲ್ಲ ಎಂದಿತು. ಗುಣದ ಮಾತು ಹೇಗೇ ಇರಲಿ, ಅದರ ಎಲೆ ಹೆಚ್ಚಾದರೆ ವಾಂತಿ ತಪ್ಪದು. ಹೆಸರು ಒಂದೇ ಬಗೆಯದಾದ್ದರಿಂದ ಒಂದರ ಬದಲು ಇನ್ನೊಂದನ್ನು ಅರೆದು ಕುಡಿಸುವವರಿದ್ದಾರೆ. ಹೂವನ್ನು ನೋಡಿಕೊಂಡರೆ ಮೋಸವಾಗದು: ಬಳ್ಳಿಯಾಗಿ ಹಬ್ಬಿದ್ದರೆ ಅದು ಆಡುಸೋಗೆಯಲ್ಲ, ಪೊದೆಯಾಗಿ ನಿಂತು ಬಿಳಿ ತುಟಿಯ ಹೂ ಬಿಟ್ಟಿದ್ದರೆ ಆಡುಸೋಗೆ.

ನಮ್ಮ ಮನೆಯಲ್ಲಿ ಈ ಮದ್ದಿನ ಅಧಿಕಾರವೆಲ್ಲ ಅಜ್ಜಿಯದಾಗಿತ್ತು. ಹಸಿ ಎಲೆಯನ್ನು ಎಷ್ಟು ಜಜ್ಜಿದರೂ ರಸ ಬಾರದೆಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ ರೊಟ್ಟಿ ಬೇಯಿಸಿ ಮುಗಿದ ಹಂಚಿನ ಮೇಲೆ ಎಲೆಗಳನ್ನು ಹರವಿ, ಅವು ಬಾಡಿ ಮೆತ್ತಗಾದ ಮೇಲೆ ಅರಿವೆಯಲ್ಲಿ ಹಾಕಿ ಹಿಂಡುತ್ತಿದ್ದಳು. ಒಂದು ಹಿಡಿ ಎಲೆಗೆ ಎರಡು ಚಮಚ ರಸ. ಅದಕ್ಕೆ ಅಷ್ಟೇ ಜೇನುತುಪ್ಪ, ಒಂದು ಚಿಟಿಕೆ ಹಿಪ್ಪಲಿಯ ಪುಡಿ. “ಮೂಗು ಮುಚ್ಚಿಗೊಂಡು ಕುಡದುಬಿಡಪಾ, ಎದಿ ಹಗೂರ ಆಕ್ಕೈತಿ” ಎನ್ನುವಳು. ಎದೆ ಹಗುರವಾಗುತ್ತಿದ್ದುದು ನಿಜ. ಮರುದಿನ ಕಫ ಸಡಿಲವಾಗಿ ಕಿತ್ತು ಬರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಆಯುರ್ವೇದದ ಪುಟಪಾಕವೆಂಬ ವಿಧಾನವನ್ನು ಓದಿದೆ. ಎಲೆಯ ಮುದ್ದೆಯನ್ನು ಮತ್ತೊಂದು ಎಲೆಯಲ್ಲಿ ಸುತ್ತಿ, ಮೇಲೆ ಮಣ್ಣು ಮೆತ್ತಿ, ಬೆಂಕಿಯಲ್ಲಿ ಬೇಯಿಸಿ ರಸ ಹಿಂಡುವ ಕ್ರಮವದು. ವಾಸಾ ಎಲೆಗೆ ಅದನ್ನೇ ಹೇಳಿದ್ದಾರೆ. ಅಕ್ಷರ ಬಾರದ ಅಜ್ಜಿಯ ರೊಟ್ಟಿಯ ಹಂಚಿಗೂ ಶಾರ್ಙ್ಗಧರನ ಗ್ರಂಥಕ್ಕೂ ಎಲ್ಲಿಯೋ ಒಂದು ದಾರಿ ಕೂಡಿತ್ತು.

ಆ ದಾರಿ ನಮ್ಮ ಸೀಮೆಯಲ್ಲಿ ಹೊಸದಲ್ಲ. ಕೊಪ್ಪಳವೆಂದರೆ ಹಳೆಯ ಕೊಪಣ, ಜೈನರ ದೊಡ್ಡ ತೀರ್ಥ. ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಬರೆಹಗಳಿರುವುದು ೧೯೩೧ರಲ್ಲಿ ವಿದ್ವಾಂಸರ ಗಮನಕ್ಕೆ ಬಂದಿತು. ಮನುಷ್ಯರಿಗೂ ಪಶುಗಳಿಗೂ ಬೇಕಾದ ಮೂಲಿಕೆಗಳನ್ನು ಇಲ್ಲದೆಡೆಗೆ ತರಿಸಿ ನೆಡಿಸಿದೆನೆಂದು ಅಶೋಕ ಹೇಳಿಕೊಂಡಿರುವುದನ್ನು ಕೇಳಿ, ಅದು ಕೊಪ್ಪಳದ ಬಂಡೆಯ ಮೇಲೆಯೇ ಇದೆಯೆಂದು ಕೆಲವರು ಹೇಳುವುದುಂಟು. ಹಾಗಲ್ಲ. ಆ ಮಾತಿರುವುದು ಗಿರ್ನಾರ್, ಎರ್ರಗುಡಿ ಮೊದಲಾದ ಕಡೆಯ ದೊಡ್ಡ ಶಾಸನಗಳಲ್ಲಿ, ಕೊಪ್ಪಳದವು ಕಿರುಶಾಸನಗಳು. ಅಭಿಮಾನಕ್ಕಾಗಿ ಶಾಸನವನ್ನು ಊರಿಂದೂರಿಗೆ ಹೊತ್ತು ತರಬೇಕಾಗಿಲ್ಲ. ನಮ್ಮ ಪಾಲಿಗೆ ಬಂದದ್ದೇ ಸಾಕಷ್ಟಿದೆ.

ಒಂಬತ್ತನೆಯ ಶತಮಾನದ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನೂ ಹೆಸರಿಸುತ್ತದೆ. ಅದೇ ಅರಸನ ಸಭೆಯಲ್ಲಿ ಉಗ್ರಾದಿತ್ಯನೆಂಬ ಜೈನ ವೈದ್ಯ, ಔಷಧವೆಂಬ ನೆವದಲ್ಲಿ ಮಾಂಸ ತಿನ್ನುವುದು ಅನಾವಶ್ಯಕವೆಂದು ವಾದ ಹೂಡಿದ; ಅವನ ‘ಕಲ್ಯಾಣಕಾರಕ’ದ ಕೊನೆಗೆ ಆ ವಾದ ಸೇರಿದೆ. ಪೂಜ್ಯಪಾದರ ಹೆಸರಿನ ಮತ್ತೊಂದು ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ಅದರ ಚಿಕಿತ್ಸೆಯಲ್ಲಿ ಮದ್ಯಕ್ಕೂ ಮಾಂಸಕ್ಕೂ ಎಡೆಯಿಲ್ಲ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಮಹಾದೇವ ದಂಡನಾಯಕ ೧೧೧೨ರಲ್ಲಿ ದೇವಾಲಯಗಳ ಚಕ್ರವರ್ತಿಯೆನಿಸಿದ ಗುಡಿಯನ್ನು ಕಟ್ಟಿಸಿದನಲ್ಲ, ಹೆಚ್ಚುಕಡಮೆ ಆ ಕಾಲದ ಮಾತಿದು. ಮಾಂಸರಸವನ್ನೂ ಮದ್ಯವನ್ನೂ ತೊರೆದ ವೈದ್ಯನಿಗೆ ಉಳಿಯುವುದೇನು? ಬೇರು, ತೊಗಟೆ, ಎಲೆ, ಹೂ. ಕನ್ನಡ ನಾಡಿನ ವೈದ್ಯ ಗಿಡಮೂಲಿಕೆಯನ್ನು ಇಷ್ಟು ನೆಚ್ಚಿಕೊಂಡದ್ದಕ್ಕೆ ಬಡತನವೊಂದೇ ಕಾರಣವಲ್ಲ, ಒಂದು ಧರ್ಮದ ಹಟವೂ ಕಾರಣವೆಂದು ನನಗನ್ನಿಸುತ್ತದೆ.

ಇನ್ನು ಆಡುಸೋಗೆಯ ಮಾತು. ಚರಕಸಂಹಿತೆಯಲ್ಲಿ ರಕ್ತಪಿತ್ತಕ್ಕೆ, ಎಂದರೆ ಬಾಯಿ ಮೂಗುಗಳಿಂದ ರಕ್ತ ಬೀಳುವ ರೋಗಕ್ಕೆ, ವಾಸಾ ಘೃತ ಬರುತ್ತದೆ. ಮುಂದಿನವರು ಅದನ್ನು ಲೇಹ್ಯ ಮಾಡಿದರು, ಅರಿಷ್ಟ ಮಾಡಿದರು. ನಿಜಾಮರ ಆಳ್ವಿಕೆಯಲ್ಲಿ ಈ ನಾಲ್ಕು ತಾಲ್ಲೂಕುಗಳೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುವಷ್ಟೆ. ಯುನಾನಿ ಹಕೀಮರೂ ಅಡೂಸಾ ಎಂದು ಇದರ ಶರಬತ್ತನ್ನೇ ಕೆಮ್ಮಿಗೆ ಕೊಡುತ್ತಿದ್ದರು. ಪಂಡಿತನೂ ಹಕೀಮನೂ ಅಜ್ಜಿಯೂ ಒಮ್ಮತಕ್ಕೆ ಬಂದ ಸಂಗತಿಗಳು ಲೋಕದಲ್ಲಿ ಹೆಚ್ಚಿಲ್ಲ. ಆದರೆ ಅವರ ಮೆಚ್ಚುಗೆ ಕೆಮ್ಮಿನಲ್ಲಿಯೇ ನಿಲ್ಲಲಿಲ್ಲ. ವಾಸಾ ಗಿಡವಿದ್ದು ಬದುಕುವ ಆಸೆಯೂ ಇದ್ದರೆ ಕ್ಷಯರೋಗಿಯೇಕೆ ಕೊರಗಬೇಕು ಎಂಬ ಭಾವದ ಒಂದು ಶ್ಲೋಕ ವೈದ್ಯರ ಬಾಯಲ್ಲಿ ಓಡಾಡುತ್ತ ಬಂದಿದೆ. ನಾನು ಈ ಲೇಖನ ಬರೆಯಲು ಕುಳಿತದ್ದು ಆ ಶ್ಲೋಕಕ್ಕಾಗಿಯೇ.

ನನ್ನ ಸೋದರಮಾವನಿಗೆ ಒಂದು ವರ್ಷ ಕೆಮ್ಮಿತ್ತು. ೧೯೬೦ರ ದಶಕದ ಆರಂಭ. ನಾನು ಆಗ ಶಾಲೆಗೆ ಹೋಗುವ ಹುಡುಗ. ಅಜ್ಜಿ ಮಗನಿಗೆ ದಿನವೂ ಎಲೆ ಬಾಡಿಸಿ ರಸ ಹಿಂಡಿ ಕೊಟ್ಟಳು. ಕುಡಿದ ರಾತ್ರಿ ಅವನಿಗೆ ನಿದ್ದೆ ಬರುತ್ತಿತ್ತು. ಅಷ್ಟರಿಂದಲೇ ರೋಗ ಇಳಿಯುತ್ತಿದೆಯೆಂದು ಮನೆಯವರೆಲ್ಲ ನಂಬಿದೆವು. ಮೈ ಇಳಿಯುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಒಮ್ಮೆ ಚಕ್ಕಡಿ ಕಟ್ಟಿಕೊಂಡು ಪಟ್ಟಣದ ದವಾಖಾನೆಗೂ ಹೋಗಿಬಂದರು. ಅಲ್ಲಿ ಕಫವನ್ನು ಪರೀಕ್ಷಿಸಲಿಲ್ಲ. ಕೆಂಪು ಬಣ್ಣದ ಕೆಮ್ಮಿನ ಔಷಧವನ್ನು ಒಂದು ಸೀಸೆಗೆ ಸುರಿದು ಕೊಟ್ಟು ಕಳಿಸಿದರು. ಮುಂದೆ ಕಫದಲ್ಲಿ ರಕ್ತ ಕಂಡಿತು. ಅಜ್ಜಿ ಎಲೆಯನ್ನು ಎರಡರಷ್ಟು ಮಾಡಿದಳು. ರಕ್ತ ಬೀಳುವುದಕ್ಕೂ ಅದೇ ಮದ್ದೆಂದು ಅವಳ ಹಿರಿಯರು ಹೇಳಿದ್ದರು. ಮಾವ ಉಳಿಯಲಿಲ್ಲ. ಅವನಿಗೆ ಮೂವತ್ತು ತುಂಬಿರಲಿಲ್ಲ. ಆಮೇಲೆ ಅಜ್ಜಿ ಹಿತ್ತಿಲ ಆ ಗಿಡದ ಕಡೆ ತಿರುಗಿ ನೋಡಿದ್ದನ್ನು ನಾನು ಕಾಣೆ. ತಪ್ಪು ಗಿಡದ್ದೇ, ಸೀಸೆಯದೇ, ಇಲ್ಲವೇ ಬೇರೆ ಯಾವುದರದು ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಈ ಎಲೆ ಬೇಲಿಯಿಂದ ಪ್ರಯೋಗಶಾಲೆಗೆ ಹೋಗಿ ಬಂದ ಕಥೆ ಕಣ್ಣಿಗೆ ಬಿತ್ತು.

ಆ ಕಥೆಯ ಮೊದಲ ಅಧ್ಯಾಯ ನಡೆದದ್ದು ನಮಗೆ ದೂರವಲ್ಲದ ಉದಕಮಂಡಲದಲ್ಲಿ. ಮಲೇರಿಯಾಕ್ಕೆ ಕ್ವಿನೈನ್ ಬೇಕೆಂದು ಸರಕಾರ ನೀಲಗಿರಿಯಲ್ಲಿ ಸಿಂಕೋನ ತೋಟಗಳನ್ನು ಬೆಳೆಸಿತ್ತು. ಅಲ್ಲಿಯ ರಸಾಯನ ಪರೀಕ್ಷಕ ಡೇವಿಡ್ ಹೂಪರ್. ಈತ ಸಿಂಕೋನದ ತೊಗಟೆಯ ಜೊತೆಗೆ ದೇಶದ ಮೂಲಿಕೆಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತಿದ್ದ. ೧೮೮೮ರಲ್ಲಿ ಆಡುಸೋಗೆಯ ಎಲೆಯಿಂದ ಕಹಿಯಾದ ಒಂದು ಕ್ಷಾರಗುಣದ ವಸ್ತುವನ್ನು ಬೇರ್ಪಡಿಸಿ, ಸಂಸ್ಕೃತದ ವಾಸಾ ಶಬ್ದದಿಂದಲೇ ವ್ಯಾಸಿಸಿನ್ ಎಂದು ಹೆಸರಿಟ್ಟ. ಆಡನ್ನು ಹಿಮ್ಮೆಟ್ಟಿಸುವ ಕಹಿಯ ಗುಟ್ಟಿನಲ್ಲಿ ಇದರದು ದೊಡ್ಡ ಪಾಲು. ಭತ್ತದ ಗದ್ದೆಗೆ ಈ ಸೊಪ್ಪನ್ನು ಗೊಬ್ಬರವಾಗಿ ತುಳಿಯುವುದೂ, ಹುಳು ಬೀಳದಿರಲೆಂದು ಹಣ್ಣುಗಳನ್ನು ಈ ಎಲೆಯಲ್ಲಿ ಸುತ್ತಿಡುವುದೂ ದೇಶದ ಕೆಲವೆಡೆ ರೂಢಿಯಲ್ಲಿತ್ತು.

೧೯೨೫ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ಕರ್ನಲ್ ರಾಮನಾಥ ಚೋಪ್ರಾ ಅವರೂ ಘೋಷ್ ಅವರೂ ಸೇರಿ ಇದನ್ನು ಕ್ರಮವಾಗಿ ಪರೀಕ್ಷಿಸಿದರು. ಚೋಪ್ರಾ ಅವರದು ವಿಶೇಷವಾದ ಮನೋಧರ್ಮ. ದೇಶದ ಮದ್ದೆಂದು ಮೂಗು ಮುರಿಯಲೂ ಇಲ್ಲ, ದೇಶದ ಮದ್ದೆಂದು ತಲೆಯ ಮೇಲೆ ಹೊತ್ತುಕೊಳ್ಳಲೂ ಇಲ್ಲ. ಶ್ವಾಸನಾಳ ಇದರಿಂದ ತುಸು ಹಿಗ್ಗುತ್ತದೆ, ಕಫ ಸಡಿಲವಾಗುತ್ತದೆ ಎಂದು ಅವರಿಗೆ ಕಂಡುಬಂದಿತು. ೧೯೩೦ರ ದಶಕದಲ್ಲಿ ವಿಯೆನ್ನಾದ ರಸಾಯನಶಾಸ್ತ್ರಜ್ಞರು, ಪೆಗಾನಮ್ ಎಂಬ ಮರುಭೂಮಿಯ ಗಿಡದಲ್ಲಿ ಸಿಕ್ಕ ವಸ್ತುವೂ ನಮ್ಮ ವ್ಯಾಸಿಸಿನ್ನೂ ಒಂದೇ ಎಂದು ತೋರಿಸಿದರು. ೧೯೫೯ರಲ್ಲಿ ಅಮೀನ್ ಮತ್ತು ಮೆಹ್ತಾ ಎಂಬ ಭಾರತೀಯ ವಿಜ್ಞಾನಿಗಳಿಬ್ಬರು ಇದೇ ಎಲೆಯಲ್ಲಿ ಶ್ವಾಸನಾಳವನ್ನು ಹಿಗ್ಗಿಸುವ ವ್ಯಾಸಿಸಿನೋನ್ ಎಂಬ ಇನ್ನೊಂದು ವಸ್ತುವನ್ನು ಕಂಡು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅನಂತರದ ಅಧ್ಯಾಯ ಜರ್ಮನಿಯದು. ಅಲ್ಲಿಯ ಔಷಧ ತಯಾರಕರು ವ್ಯಾಸಿಸಿನ್ ಅಣುವಿನ ಕಟ್ಟಡವನ್ನು ಮಾದರಿಯಾಗಿಟ್ಟುಕೊಂಡು, ಅದನ್ನು ಅಲ್ಲಲ್ಲಿ ಮಾರ್ಪಡಿಸಿ, ಕಾರ್ಖಾನೆಯಲ್ಲಿಯೇ ಒಂದು ಹೊಸ ವಸ್ತುವನ್ನು ಕಟ್ಟಿದರು. ಅದೇ ೧೯೬೦ರ ದಶಕದಲ್ಲಿ ಪೇಟೆಗೆ ಬಂದ ಬ್ರೋಮ್‌ಹೆಕ್ಸಿನ್. ಅಂಟಂಟಾದ ಕಫದ ಎಳೆಗಳನ್ನು ತುಂಡರಿಸಿ ತಿಳಿಯಾಗಿಸುವುದು ಇದರ ಕೆಲಸ. ಬ್ರೋಮ್‌ಹೆಕ್ಸಿನ್ ಮೈಯೊಳಗೆ ಹೋದ ಮೇಲೆ ಮಾರ್ಪಾಟಾಗಿ ಆಂಬ್ರಾಕ್ಸಾಲ್ ಎಂಬ ವಸ್ತುವಾಗುತ್ತದೆ. ೧೯೭೦ರ ದಶಕದ ಕೊನೆಗೆ ಅದನ್ನೇ ಬೇರೆಯಾಗಿ ಮಾರತೊಡಗಿದರು. ನಿಮ್ಮ ಮನೆಯ ಕಪಾಟಿನಲ್ಲಿ ಕೆಮ್ಮಿನ ಸೀಸೆಯಿದ್ದರೆ ಒಮ್ಮೆ ತೆಗೆದು ಚೀಟಿಯನ್ನು ಓದಿ ನೋಡಿ. ಈ ಎರಡರಲ್ಲಿ ಒಂದು ಹೆಸರು ಕಾಣಿಸುವ ಸಂಭವ ಹೆಚ್ಚು. ಹಿತ್ತಿಲಲ್ಲಿ ಆಡು ಮುಟ್ಟದೆ ಬಿಟ್ಟ ಗಿಡ ಹೀಗೆ ಸಮುದ್ರ ದಾಟಿ, ವೇಷ ಬದಲಿಸಿ, ಬೆಲೆ ಕಟ್ಟಿಸಿಕೊಂಡು ಹಿಂದಿರುಗಿದೆ. ಇದರಿಂದ ಎದೆಯುಬ್ಬಿಸಿಕೊಳ್ಳುವ ಮೊದಲು ಇನ್ನೊಂದು ಮಾತನ್ನೂ ಗಮನಿಸಬೇಕು. ಕಾರ್ಖಾನೆಯ ಮಾತ್ರೆಗೆ ಗುಣವಿದೆಯೆಂದು ಸಿದ್ಧವಾದರೆ ಎಲೆಯ ರಸಕ್ಕೂ ಅಷ್ಟೇ ಗುಣವಿದೆಯೆಂದು ಸಿದ್ಧವಾದಂತಲ್ಲ. ಮಾತ್ರೆಯಲ್ಲಿ ವಸ್ತುವಿನ ತೂಕ ಗೊತ್ತಿರುತ್ತದೆ. ಎಲೆಯಲ್ಲಿ ಅದು ಗಿಡಗಿಡಕ್ಕೂ ಋತುಋತುವಿಗೂ ಬೇರೆ. ಎಲೆಯ ಮೇಲೆ ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಕೆಲವೇ. ಅವುಗಳಲ್ಲಿಯೂ ಬೇರೆ ಮೂಲಿಕೆಗಳೊಡನೆ ಬೆರೆಸಿ ಕೊಟ್ಟವು ಉಂಟು. ಮಾತ್ರೆಯ ಗುಣವೂ ಮಿತವಾದದ್ದೇ: ಹಳೆಯ ಕಫದ ಬೇನೆಯವರಿಗೆ ತಕ್ಕಷ್ಟು ಉಪಶಮನ, ನೆಗಡಿಯ ಜೊತೆಗೆ ಬಂದ ಕೆಮ್ಮು ಮದ್ದಿದ್ದರೂ ಇಲ್ಲದಿದ್ದರೂ ತನ್ನ ಕಾಲಕ್ಕೆ ಹೋಗುವುದೇ ಹೆಚ್ಚು.

ಕೆಮ್ಮಿಗೆ ಸೊಪ್ಪು, ಸೊಪ್ಪಿನಿಂದ ಕ್ಷಯಕ್ಕೆ ಆಸೆ, ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. ಯುರೋಪಿನಲ್ಲಿ ಮುಲ್ಲೀನ್ ಎಂಬ ಗಿಡವಿದೆ. ಕಂಬಳಿಯಂತೆ ರೋಮ ತುಂಬಿದ ದಪ್ಪ ಎಲೆ, ಆಳೆತ್ತರದ ಕಂಬದಂಥ ತೆನೆಗೆ ಹಳದಿ ಹೂ. ಕಾಶ್ಮೀರ, ಹಿಮಾಚಲಗಳ ಬೆಟ್ಟದಲ್ಲಿಯೂ ಅದು ಬೆಳೆಯುತ್ತದೆ. ಹಿಂದಿಯವರು ಗೀದಡ್ ತಮಾಕು, ನರಿಯ ಹೊಗೆಸೊಪ್ಪು, ಎನ್ನುತ್ತಾರೆ. ನಮ್ಮ ಬಿಸಿಲು ನಾಡಿಗೆ ಅದು ಇಳಿದು ಬಂದಿಲ್ಲ. ಗ್ರೀಕ್ ವೈದ್ಯ ಡಯೊಸ್ಕೊರಿಡಿಸನ ಕಾಲದಿಂದ ಅದು ಕೆಮ್ಮಿನ ಮದ್ದು. ಐರ್ಲೆಂಡಿನಲ್ಲಿ ಕ್ಷಯರೋಗಿಗಳಿಗಾಗಿ ಅದನ್ನು ತೋಟದಲ್ಲಿ ಬೆಳೆಸಿ, ಹಾಲಿನಲ್ಲಿ ಕುದಿಸಿ ಕುಡಿಸುತ್ತಿದ್ದರು. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ತೋರಿಸಿದ್ದು ೧೮೮೨ರಲ್ಲಿ. ಮರುವರ್ಷವೇ ಡಬ್ಲಿನ್ನಿನ ಕ್ವಿನ್ಲನ್ ಎಂಬ ವೈದ್ಯ ಆಸ್ಪತ್ರೆಯ ರೋಗಿಗಳಿಗೆ ಈ ಮುಲ್ಲೀನ್ ಹಾಲನ್ನು ಕೊಟ್ಟು, ತೂಕ ನೋಡಿ ಬರೆದಿಟ್ಟ. ಕೆಮ್ಮು ತಗ್ಗಿತು, ರೋಗ ಮೊದಲ ಹಂತದಲ್ಲಿದ್ದ ಕೆಲವರ ತೂಕ ಏರಿತು. ರೋಗ ಬಲಿತವರಿಗೆ ಮಾತ್ರ ಸಂಕಟ ಕಡಮೆಯಾಯಿತೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ. ಪ್ರಾಮಾಣಿಕನಾದ ಮನುಷ್ಯ, ಕಂಡದ್ದನ್ನು ಕಂಡಷ್ಟೇ ಬರೆದ. ಇಂದು ಯುರೋಪಿನ ಔಷಧ ಸಂಸ್ಥೆ ಮುಲ್ಲೀನ್ ಹೂವನ್ನು ಗಂಟಲು ಕೆರೆತ, ಒಣಕೆಮ್ಮುಗಳಿಗೆ ರೂಢಿಯ ಮದ್ದೆಂದು ಒಪ್ಪಿದೆ. ಅಂದರೆ ಬಹುಕಾಲದಿಂದ ಜನ ಬಳಸಿದ್ದಾರೆಂಬ ಬಲದ ಮೇಲೆ ಒಪ್ಪಿಗೆ, ಪರೀಕ್ಷೆಯ ಬಲದ ಮೇಲಲ್ಲ. ಈಚೆಗೆ ಇದರ ಎಲೆಯನ್ನು ಪೊಟ್ಟಣ ಕಟ್ಟಿ ಶ್ವಾಸಕೋಶ ತೊಳೆಯುವ ಚಹವೆಂದು ಮಾರುವವರಿದ್ದಾರೆ. ಕೊಳ್ಳುವ ಮುನ್ನ ಕ್ವಿನ್ಲನ್ನನ ವರದಿಯನ್ನು ನೆನೆಯಿರಿ.

ಆಶ್ಚರ್ಯವೆಂದರೆ ಆಡುಸೋಗೆಯ ಮುಂದಿನ ಪರೀಕ್ಷೆಯೂ ಅದೇ ಡಬ್ಲಿನ್ನಿನಲ್ಲಿ ನಡೆಯಿತು. ೧೯೫೪ರಲ್ಲಿ ಗುಪ್ತ ಮತ್ತು ಚೋಪ್ರಾ ಎಂಬವರು ಆಡುಸೋಗೆ ಕ್ಷಯದ ಕ್ರಿಮಿಯನ್ನು ತಡೆಯುವುದೆಂದು ಭಾರತದಲ್ಲಿ ಪ್ರಕಟಿಸಿದ್ದರು. ೧೯೫೫ರಲ್ಲಿ ಬ್ಯಾರಿ ಎಂಬ ಐರಿಷ್ ರಸಾಯನಶಾಸ್ತ್ರಜ್ಞನೂ ಅವನ ಜೊತೆಗಾರರೂ ಅದರ ಸಾರದಲ್ಲಿ ಅಂಥ ಗುಣವನ್ನು ಕಂಡರು. ೧೯೯೬ರಲ್ಲಿ ಲಂಡನ್ನಿನ ವಿಜ್ಞಾನಿಗಳು ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್‌ಗಳೂ ಕ್ಷಯದ ಕ್ರಿಮಿಯ ಬೆಳವಣಿಗೆಯನ್ನು ತಡೆಯುತ್ತವೆ ಎಂದರು. ಹಾಗಾದರೆ ಶ್ಲೋಕ ಹೇಳಿದ್ದು ನಿಜವಾಯಿತಲ್ಲ ಎಂದು ನೀವು ಕೇಳಬಹುದು. ಅದು ಗಾಜಿನ ನಳಿಗೆಯೊಳಗಿನ ನಿಜ. ನಳಿಗೆಯಲ್ಲಿ ಕ್ರಿಮಿಯ ಮೇಲೆ ಮದ್ದನ್ನು ನೇರವಾಗಿ ಸುರಿಯಬಹುದು. ಮನುಷ್ಯನ ಪುಪ್ಪುಸದಲ್ಲಿ ಗೋಡೆ ಕಟ್ಟಿಕೊಂಡು ಅಡಗಿದ ಕ್ರಿಮಿಯನ್ನು ಅಷ್ಟು ಬಲದಲ್ಲಿ ಮುಟ್ಟಬೇಕಾದರೆ ಎಷ್ಟು ಎಲೆ ಅರೆದರೂ ಸಾಲದು. ಆಡುಸೋಗೆಯಿಂದಾಗಲಿ ಅದರ ಮಾತ್ರೆಗಳಿಂದಾಗಲಿ ಕ್ಷಯದ ಚಿಕಿತ್ಸೆ ಎಲ್ಲಿಯೂ ಹುಟ್ಟಲಿಲ್ಲ.

ಕ್ಷಯದ ಚಿಕಿತ್ಸೆ ಹುಟ್ಟಿದ್ದು ಬೇರೆ ದಾರಿಯಿಂದ. ೧೯೪೩ರಲ್ಲಿ ಅಮೆರಿಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ೧೯೫೨ರ ಹೊತ್ತಿಗೆ ಐಸೋನಿಯಾಜಿಡ್ ಬಂದಿತು. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ಮನೆಯಲ್ಲಿದ್ದೇ ಗುಣವಾಗುವುದು ಸಾಧ್ಯ, ಆರೋಗ್ಯಧಾಮದಲ್ಲಿ ಮಲಗಬೇಕಾಗಿಲ್ಲ ಎಂದು ಮದರಾಸಿನಲ್ಲಿ ನಡೆದ ಪ್ರಯೋಗ ೧೯೫೯ರಲ್ಲಿ ಲೋಕಕ್ಕೆಲ್ಲ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಪ್ರಾರಂಭವಾಯಿತು. ನನ್ನ ಮಾವ ಹಾಸಿಗೆ ಹಿಡಿದ ಕಾಲಕ್ಕೆ ಮದ್ದು ಲೋಕದಲ್ಲಿತ್ತು. ಅವನ ತನಕ ಬರಲಿಲ್ಲ, ಅಷ್ಟೆ.

ಆ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಸಮೀಕ್ಷೆಯೊಂದು ನನಗೆ ಬೇಕಾದ ಉತ್ತರವನ್ನು ಕೊಟ್ಟಿತು. ಹಳ್ಳಿಯ ಜನ ರೋಗವನ್ನು ಲೆಕ್ಕಿಸುವುದಿಲ್ಲ, ಮೂಢನಂಬಿಕೆಯಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗ ಬಹಳವಾಗಿತ್ತು. ಬ್ಯಾನರ್ಜಿ, ಆ್ಯಂಡರ್ಸನ್ ಎಂಬ ಸಂಶೋಧಕರು ಕ್ಷಯವಿದ್ದವರ ಮನೆಗೇ ಹೋಗಿ ಕುಳಿತು ಕೇಳಿದರು. ಬಹುಪಾಲು ರೋಗಿಗಳಿಗೆ ತಮ್ಮ ಮೈಯ ಕೇಡು ಚೆನ್ನಾಗಿ ಅರಿವಿಗೆ ಬಂದಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಅದಾಗಲೇ ಚಿಕಿತ್ಸೆ ಬೇಡಿ ದವಾಖಾನೆಗಳಿಗೆ ಹೋಗಿ ಬಂದಿದ್ದರು. ಅವರಿಗೆ ಅಲ್ಲಿ ಸಾಮಾನ್ಯವಾಗಿ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ. ೧೯೬೩ರಲ್ಲಿ ಪ್ರಕಟವಾದ ಈ ವರದಿಯನ್ನು ಓದುವಾಗ ನನಗೆ ಕಂಡದ್ದು ತುಮಕೂರು ಜಿಲ್ಲೆಯಲ್ಲ, ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿದ್ದ ಆ ಕೆಂಪು ಸೀಸೆ. ಅಜ್ಜಿಯ ಎಲೆ ಮಾಡಿದ ತಪ್ಪನ್ನೇ ಪಟ್ಟಣದ ಸೀಸೆಯೂ ಮಾಡಿತ್ತು. ಎರಡೂ ಕೆಮ್ಮನ್ನು ಮೆತ್ತಗೆ ಮಾಡಿದುವು. ಕೆಮ್ಮು ಏಕೆ ಬಂತು ಎಂದು ಯಾರೂ ಕೇಳಲಿಲ್ಲ. ಅಜ್ಜಿಗೆ ಆ ಪ್ರಶ್ನೆ ಕೇಳುವ ಸಾಧನವಿರಲಿಲ್ಲ. ಸೀಸೆ ಕೊಟ್ಟವರಿಗೆ ಇತ್ತು.

ನಮ್ಮ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಅಕ್ಕಿಯ ಗಿರಣಿಗಳೂ ಅವುಗಳ ಹೊಟ್ಟಿನ ಧೂಳೂ ಜೊತೆಗೆ ಬಂದುವು. ಕುಷ್ಟಗಿಯ ಕಡೆ ಕಲ್ಲುಗಣಿಯ ಪುಡಿ. ಕೊಪ್ಪಳದ ಬಳಿ ಗಿಣಿಗೇರಿಯ ಸುತ್ತ ಕಬ್ಬಿಣದ ಕಾರ್ಖಾನೆಗಳ ಹೊಗೆ. ಕಲ್ಲಿನ ಪುಡಿ ಪುಪ್ಪುಸದಲ್ಲಿ ಕೂತವರಿಗೆ ಕ್ಷಯ ಬೇಗ ಅಂಟುತ್ತದೆಂಬುದು ವೈದ್ಯಶಾಸ್ತ್ರ ಗಟ್ಟಿಯಾಗಿ ಹೇಳುವ ಮಾತು. ಹೀಗಿರುವಾಗ ಕೆಮ್ಮುವವನಿಗೆ ಧೂಳು, ಗೂರಲು, ಕ್ಷಯಗಳ ಪೈಕಿ ಯಾವುದಿದೆ ಎಂದು ಎಲೆಯಿಂದ ತಿಳಿಯದು. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಪುಕ್ಕಟೆ; ಕ್ಷಯವೆಂದು ತಿಳಿದರೆ ಮದ್ದೂ ಪುಕ್ಕಟೆ. ಸಾಮಾನ್ಯವಾದ ಕ್ಷಯಕ್ಕೆ ಆರು ತಿಂಗಳ ಮಾತ್ರೆ ಸಾಕು. ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಕೊಪ್ಪಳದಲ್ಲಿ ಇಂದು ಸರಕಾರಿ ವೈದ್ಯಕೀಯ ಕಾಲೇಜಿದೆ, ಗವಿಸಿದ್ಧೇಶ್ವರರ ಹೆಸರಿನ ಆಯುರ್ವೇದ ಕಾಲೇಜೂ ಇದೆ. ಚಕ್ಕಡಿ ಕಟ್ಟಬೇಕಾಗಿಲ್ಲ.

ಹಾಗೆಂದು ಎಲೆಯನ್ನು ಬಿಸುಡಿ ಎಂದು ನಾನು ಹೇಳುತ್ತಿಲ್ಲ. ಕಫ ಕಟ್ಟಿದ ಸಾಮಾನ್ಯ ಕೆಮ್ಮಿಗೆ ದೊಡ್ಡವರು ಮಿತವಾಗಿ ಕುಡಿದರೆ ಹಾನಿ ಕಂಡಿದ್ದು ಅಪರೂಪ. ಆದರೆ ಎರಡು ಮಾತನ್ನು ಮನೆಯ ಹೆಣ್ಣುಮಕ್ಕಳು ತಿಳಿದಿರಲೇಬೇಕು. ಹೆರಿಗೆ ಸುಲಭವಾಗಲೆಂದು ಆಡುಸೋಗೆಯ ಬೇರನ್ನು ಬಳಸುವ ಪದ್ಧತಿ ಹಿಂದೆ ಇತ್ತು. ಜಮ್ಮುವಿನ ಸಂಶೋಧನಾಲಯದಲ್ಲಿ ಅಟಲ್ ಎಂಬ ವಿಜ್ಞಾನಿಯೂ ಸಂಗಡಿಗರೂ ಅದರ ಹಿಂದಿನ ಕಾರಣವನ್ನು ೧೯೮೦ರಲ್ಲಿ ಬಿಡಿಸಿ ಹೇಳಿದರು: ವ್ಯಾಸಿಸಿನ್ ಗರ್ಭಕೋಶವನ್ನು ಹಿಂಡುತ್ತದೆ, ಗರ್ಭ ಇಳಿಸುವ ಶಕ್ತಿ ಅದಕ್ಕಿದೆ. ಹಳಬರ ಅನುಭವ ಇಲ್ಲಿ ಪೂರ್ಣ ನಿಜವಾಯಿತು, ಆ ಕಾರಣಕ್ಕೇ ಬಸುರಿಯರು ಈ ರಸವನ್ನು ಮುಟ್ಟಕೂಡದು. ಹೆಸರು ಬೇಕಾದರೆ ಆಡಿನಿಂದ ಬಂದಿರಲಿ, ಎಚ್ಚರಿಕೆ ಬಸುರಿಗೂ ಸಲ್ಲುತ್ತದೆ. ಇನ್ನೊಂದು ಮಾತು, ಎಳೆಯ ಮಕ್ಕಳದು. ಅವರಿಗೆ ರಸವನ್ನಾಗಲಿ ಸೀಸೆಯನ್ನಾಗಲಿ ವೈದ್ಯರನ್ನು ಕೇಳದೆ ಕೊಡಬಾರದು. ವರ್ಷ ತುಂಬದ ಕೂಸಿಗೆ ಜೇನುತುಪ್ಪವೂ ಅಪಾಯ. ಸೀಸೆಯೆಂದ ಮಾತ್ರಕ್ಕೆ ಅದು ಸುರಕ್ಷಿತವಲ್ಲವೆಂಬುದನ್ನು ೨೦೨೨ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ವಿಷಯುಕ್ತ ಕೆಮ್ಮಿನ ಔಷಧ ಕುಡಿದು ಸತ್ತ ಮಕ್ಕಳ ಸುದ್ದಿ ಲೋಕಕ್ಕೆ ತಿಳಿಸಿತು. ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್‌ಗಳಿಂದ ಅಪರೂಪಕ್ಕೆ ಚರ್ಮದ ತೀವ್ರ ಬಾಧೆ ಉಂಟಾಗಬಹುದೆಂದು ೨೦೧೫ರಲ್ಲಿ ಯುರೋಪಿನಲ್ಲಿ ಎಚ್ಚರಿಕೆ ಹೊರಟಿತು. ಗೂರಲಿಗೆಂದು ಒಣಗಿದ ಎಲೆಯನ್ನು ಬೀಡಿ ಕಟ್ಟಿ ಸೇದುವ ಹಳೆಯ ಚಾಳಿಯೊಂದಿದೆ. ಮುಲ್ಲೀನ್ ಎಲೆಯನ್ನೂ ಹಾಗೆಯೇ ಸೇದುತ್ತಿದ್ದರು. ಹೊಗೆ ಯಾವ ಎಲೆಯದಾದರೂ ಉಬ್ಬಸದವನ ಎದೆಗೆ ಹೊಗೆಯೇ.

ಕಳೆದ ಸಲ ಊರಿಗೆ ಹೋದಾಗ ಹಿತ್ತಿಲ ಕಡೆ ಹೋಗಿದ್ದೆ. ಬೇಲಿಯ ಹೆಚ್ಚು ಭಾಗಕ್ಕೆ ಈಗ ಕಲ್ಲಿನ ಕಂಬ, ತಂತಿ. ಬಾವಿಯ ಕಟ್ಟೆಯ ಹತ್ತಿರ ಅಜ್ಜಿಯ ಗಿಡದ ಬುಡ ಮಾತ್ರ ಉಳಿದು ಮತ್ತೆ ಚಿಗುರಿ ಪೊದೆಯಾಗಿದೆ. ನೆರೆಮನೆಯ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಎಲೆ ಕಿತ್ತುಕೊಳ್ಳುತ್ತಿದ್ದಳು. ಯಾರಿಗವ್ವಾ ಎಂದು ಕೇಳಿದೆ. “ನಮ್ಮ ಮಾವಗರೀ, ಕೆಮ್ಮು ಹತ್ತೈತಿ” ಎಂದಳು. ಎಷ್ಟು ದಿವಸವಾಯಿತು ಎಂದೆ. ಅವಳು ಬೆರಳು ಮಡಚಿ ಎಣಿಸತೊಡಗಿದಳು.